ರ‍್ಯಾಲಿ ಸಹಚಾಲನೆ

ಮೋಟಾರು ರ‍್ಯಾಲಿಯಲ್ಲಿ ಚಾಲಕರ ಪಕ್ಕದಲ್ಲಿ ಕುಳಿತು, ಎದುರಿಗೆ ಬರಲಿರುವ ರಸ್ತೆಯ ವಿವರವನ್ನು ಮೊದಲೇ ಬರೆದಿಟ್ಟ ಟಿಪ್ಪಣಿಯಿಂದ ಓದಿ ಹೇಳುವ, ಸ್ಪರ್ಧೆಯ ವೇಳೆ, ದಾರಿ ಮತ್ತು ದಾಖಲೆಗಳ ಹೊಣೆ ಹೊರುವ ಕೆಲಸಕ್ಕೆ ಸಹಚಾಲನೆ ಎಂದು ಹೆಸರು. ಇದನ್ನು ಮಾಡುವವರು ಸಹಚಾಲಕರು. ಚಾಲಕ ಮತ್ತು ಸಹಚಾಲಕ ಸೇರಿ ಒಂದು ಜೋಡಿ. ನಿಯಮದ ಪ್ರಕಾರ ಇಬ್ಬರೂ ಸ್ಪರ್ಧಿಗಳು. ಒಬ್ಬರು ಸ್ಪರ್ಧೆ ಬಿಟ್ಟರೆ ಇನ್ನೊಬ್ಬರು ಮುಂದುವರಿಯುವಂತಿಲ್ಲ.

ಸರ್ಕ್ಯೂಟ್ ರೇಸಿನ ಚಾಲಕರು ಅದೇ ಹತ್ತು ಹದಿನೈದು ತಿರುವುಗಳನ್ನು ಐವತ್ತು ಅರವತ್ತು ಸಲ ಸುತ್ತುತ್ತಾರೆ. ನಾಲ್ಕಾರು ಸುತ್ತಿನಲ್ಲಿ ರಸ್ತೆ ಕೈಗೆ ಅಭ್ಯಾಸವಾಗಿಬಿಡುತ್ತದೆ. ರ‍್ಯಾಲಿ ನಡೆಯುವುದು ಕಾಡು, ತೋಟ, ಘಟ್ಟ, ಹಳ್ಳಿಗಳ ನಡುವಿನ ರಸ್ತೆಗಳಲ್ಲಿ. ವಿಶ್ವ ಚಾಂಪಿಯನ್‌ಷಿಪ್ಪಿನ ಒಂದು ರ‍್ಯಾಲಿಯಲ್ಲಿ ವೇಗದ ಹಂತಗಳ ಉದ್ದವೇ ಸುಮಾರು 300 ಕಿ.ಮೀ. ಇರುತ್ತದೆ. ಪ್ರತಿ ಹಂತವನ್ನು ಸ್ಪರ್ಧೆಯ ವೇಗದಲ್ಲಿ ಓಡಿಸಲು ಸಿಗುವುದು ಒಂದೋ ಎರಡೋ ಅವಕಾಶ. ಅಷ್ಟು ತಿರುವುಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಆಗದ ಮಾತು. ತಿರುವಿನಾಚೆ ಏನಿದೆಯೆಂಬುದು ಕಣ್ಣಿಗೆ ಕಾಣುವ ಹೊತ್ತಿಗೆ ಬ್ರೇಕು ಒತ್ತುವ ಕಾಲ ಮೀರಿರುತ್ತದೆ. ಹಾಗಾಗಿ ಚಾಲಕರು ಕಿವಿಯಲ್ಲಿ ಕೇಳಿದ ರಸ್ತೆಯನ್ನು ನಂಬಿ ಕಾರನ್ನು ತಿರುವಿನೊಳಕ್ಕೆ ಬಿಡುತ್ತಾರೆ.

ಪದಗಳು

ಇಂಗ್ಲಿಷಿನ ಕೋ-ಡ್ರೈವರ್ ಎಂಬುದಕ್ಕೆ ಸಹಚಾಲಕ ಎಂಬ ಪದ ಕನ್ನಡ ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ. ಇಲ್ಲಿಯೂ ಅದನ್ನೇ ಇಟ್ಟುಕೊಳ್ಳಲಾಗಿದೆ. ಹೆಸರಿನಲ್ಲಿ ಚಾಲಕ ಇದ್ದರೂ ಈಗಿನ ರ‍್ಯಾಲಿಯ ವೇಗದ ಹಂತದಲ್ಲಿ ಇವರು ಸ್ಟಿಯರಿಂಗ್ ಮುಟ್ಟುವುದಿಲ್ಲ. ಹಗಲಿರುಳೆನ್ನದೆ ದಿನಗಟ್ಟಲೆ ಓಡುತ್ತಿದ್ದ ಹಳೆಯ ರ‍್ಯಾಲಿಗಳಲ್ಲಿ ಇಬ್ಬರೂ ಸರದಿಯ ಮೇಲೆ ಕಾರು ಓಡಿಸುತ್ತಿದ್ದರು, ಹೆಸರು ಆ ಕಾಲದ್ದು. ಕೆಲವೊಮ್ಮೆ ಕಾಣಸಿಗುವ ಸಾರಥಿ ಎಂಬ ಪದ ಇಲ್ಲಿ ಹೊಂದುವುದಿಲ್ಲ. ಸಾರಥಿಯ ಕೈಯಲ್ಲಿ ಲಗಾಮು ಇರುತ್ತದೆ. ಸಹಚಾಲಕರ ಕೈಯಲ್ಲಿರುವುದು ಪುಸ್ತಕ.

ನ್ಯಾವಿಗೇಟರ್ ಎಂಬುದು ಬೇರೆಯದೇ ಪದ. ದಾರಿ ಗೊತ್ತಿಲ್ಲದ ಕಡೆ ನಕ್ಷೆ, ದಿಕ್ಕು, ದೂರಗಳ ಲೆಕ್ಕದಿಂದ ದಾರಿ ಹುಡುಕುವವರು ನ್ಯಾವಿಗೇಟರ್. ಗೊತ್ತುಮಾಡಿದ ದಾರಿಯ ಒಂದೊಂದು ತಿರುವನ್ನೂ ಮುಂಚಿತವಾಗಿ ಹೇಳುವವರು ಸಹಚಾಲಕರು. ಭಾರತದಲ್ಲಿ ಈ ಎರಡೂ ಪದಗಳು ಮಾತಿನಲ್ಲಿ ಬೆರೆತುಹೋಗಿವೆ.

ಗಡಿಯಾರದ ಎದುರು ಪೂರ್ಣ ವೇಗದಲ್ಲಿ ಓಡುವ, ಸಾರ್ವಜನಿಕ ಸಂಚಾರ ನಿಲ್ಲಿಸಿದ ರಸ್ತೆಯ ತುಂಡು, ಅಂದರೆ ವೇಗದ ಹಂತ, ಸ್ಪೆಷಲ್ ಸ್ಟೇಜ್ ಅಥವಾ ಸುಮ್ಮನೆ ಸ್ಟೇಜ್. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಸಾಮಾನ್ಯ ಸಂಚಾರದ ನಡುವೆ ಹೋಗುವ ಭಾಗ ಸಂಪರ್ಕ ರಸ್ತೆ. ಸ್ಪರ್ಧೆಗೆ ಮುನ್ನ ಸ್ಟೇಜನ್ನು ನಿಧಾನವಾಗಿ ಓಡಿಸಿ ನೋಡುವುದು ರೆಕ್ಕಿ. ಆಗ ಬರೆದುಕೊಳ್ಳುವ ತಿರುವಿನ ಟಿಪ್ಪಣಿ ಪೇಸ್ ನೋಟ್ಸ್. ಇಡೀ ಸ್ಪರ್ಧೆಯ ದಾರಿಯನ್ನು ಚಿತ್ರಗಳಲ್ಲಿ ತೋರಿಸುವ, ಸಂಘಟಕರು ಕೊಡುವ ಪುಸ್ತಕ ರೋಡ್ ಬುಕ್. ಪ್ರತಿ ತಪಾಸಣಾ ಠಾಣೆಯಲ್ಲಿ ಗಂಟೆ ನಿಮಿಷ ಬರೆಸಿಕೊಳ್ಳುವ ಹಾಳೆ ಟೈಮ್ ಕಾರ್ಡ್.

ಹುಟ್ಟು ಮತ್ತು ಬೆಳವಣಿಗೆ

ಮೋಟಾರು ಸ್ಪರ್ಧೆಗಳ ಆರಂಭದ ದಿನಗಳಲ್ಲಿ ಚಾಲಕರ ಪಕ್ಕದಲ್ಲಿ ಕೂರುತ್ತಿದ್ದವರು ಮೆಕ್ಯಾನಿಕ್. ಟೈರು ಬದಲಿಸುವುದು, ಎಂಜಿನ್ನಿಗೆ ಎಣ್ಣೆ ಒತ್ತುವುದು, ಹಿಂದಿನಿಂದ ಯಾರು ಬರುತ್ತಿದ್ದಾರೆಂದು ನೋಡುವುದು ಅವರ ಕೆಲಸವಾಗಿತ್ತು. 1911ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಶುರುವಾಯಿತು. ಯೂರೋಪಿನ ಬೇರೆಬೇರೆ ಊರುಗಳಿಂದ ಹೊರಟು ಒಂದೆಡೆ ಸೇರುವ ಇಂಥ ಸ್ಪರ್ಧೆಗಳಲ್ಲಿ ನಕ್ಷೆ ಓದಬಲ್ಲ, ವೇಳೆಯ ಲೆಕ್ಕ ತಪ್ಪದ ಜೊತೆಗಾರರು ಬೇಕಾದರು. ನೆದರ್ಲೆಂಡ್ಸಿನ ಟ್ಯುಲಿಪ್ ರ‍್ಯಾಲಿ 1949ರಲ್ಲಿ ಆರಂಭವಾಯಿತು. ಕೂಡುರಸ್ತೆಗಳನ್ನು ಚುಕ್ಕಿ ಮತ್ತು ಬಾಣದಿಂದ ತೋರಿಸುವ ಚಿತ್ರಪದ್ಧತಿಗೆ ಆ ರ‍್ಯಾಲಿಯ ಹೆಸರೇ ನಿಂತಿತು. ಭಾರತದ ರ‍್ಯಾಲಿಗಳಲ್ಲೂ ಅವು ಟ್ಯುಲಿಪ್‌ಗಳೇ.

ತಿರುವುಗಳನ್ನು ಬರೆದುಕೊಂಡು ಓದುವ ಪದ್ಧತಿಯ ಪ್ರಸಿದ್ಧ ಆರಂಭ ರ‍್ಯಾಲಿಯಲ್ಲಿ ಆದದ್ದಲ್ಲ, ಇಟಲಿಯ ಮಿಲ್ಲೆ ಮಿಲ್ಯಾ ಎಂಬ ರಸ್ತೆ ರೇಸಿನಲ್ಲಿ. 1955ರ ಮೇ 1ರಂದು ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್-ಬೆನ್ಜ್ 300 ಎಸ್ಎಲ್ಆರ್ ಕಾರನ್ನು ಓಡಿಸಿದರು. ಪಕ್ಕದಲ್ಲಿದ್ದವರು ಪತ್ರಕರ್ತ ಡೆನಿಸ್ ಜೆಂಕಿನ್ಸನ್. 1949ರಲ್ಲಿ ಎರಿಕ್ ಆಲಿವರ್ ಜೊತೆ ಸೈಡ್‌ಕಾರ್ ವಿಶ್ವ ಚಾಂಪಿಯನ್ ಆಗಿದ್ದವರು, ಇನ್ನೊಬ್ಬರು ಓಡಿಸುವ ವಾಹನದಲ್ಲಿ ಮೈಮನಸ್ಸು ಒಗ್ಗಿಸಿಕೊಂಡು ಕೂರಬಲ್ಲವರು. ಸುಮಾರು 1,600 ಕಿ.ಮೀ. ದಾರಿಯನ್ನು ಇಬ್ಬರೂ ಮೊದಲೇ ಓಡಿಸಿ ನೋಡಿದ್ದರು. ಅಪಾಯದ ತಿರುವು, ದಿಬ್ಬ, ರೈಲ್ವೆ ಗೇಟುಗಳನ್ನೆಲ್ಲ ಬರೆದ 18 ಅಡಿ ಉದ್ದದ ಕಾಗದದ ಪಟ್ಟಿಯನ್ನು ಅಲ್ಯೂಮಿನಿಯಂ ಡಬ್ಬಿಯೊಂದರಲ್ಲಿ ಸುರುಳಿ ಸುತ್ತಿ, ಕಿಟಕಿಯಂಥ ತೆರಪಿನ ಮೂಲಕ ತಿರುಗಿಸುತ್ತ ಜೆಂಕಿನ್ಸನ್ ಓದಿದರು. ತೆರೆದ ಕಾರಿನ ಅಬ್ಬರದಲ್ಲಿ ಮಾತು ಕೇಳಿಸುವಂತಿರಲಿಲ್ಲ. ಓದಿದ್ದನ್ನು ಗೊತ್ತುಮಾಡಿಕೊಂಡ ಕೈಸನ್ನೆಗಳಲ್ಲಿ ತಿಳಿಸಿದರು. ದಾರಿಯಲ್ಲಿ ವಾಂತಿಗೆಂದು ಹೊರಗೆ ಬಾಗಿದಾಗ ಗಾಳಿಗೆ ಅವರ ಕನ್ನಡಕ ಹಾರಿಹೋಯಿತು, ಇನ್ನೊಂದು ಜೊತೆ ಇಟ್ಟುಕೊಂಡಿದ್ದರಿಂದ ಓದು ನಿಲ್ಲಲಿಲ್ಲ. 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ, ಗಂಟೆಗೆ 157 ಕಿ.ಮೀ. ಮೀರಿದ ಸರಾಸರಿಯಲ್ಲಿ ಅವರು ಗೆದ್ದರು. ಬೆಳಿಗ್ಗೆ 7.22ಕ್ಕೆ ಹೊರಟ ಆ ಕಾರಿನ ಸಂಖ್ಯೆ 722.

ಮುಂದಿನ ಹತ್ತು ವರ್ಷಗಳಲ್ಲಿ ಈ ಪದ್ಧತಿ ರ‍್ಯಾಲಿಗೆ ಒಗ್ಗಿತು. 1960ರಲ್ಲಿ ಚಾಲಕಿ ಪ್ಯಾಟ್ ಮಾಸ್ ಮತ್ತು ಸಹಚಾಲಕಿ ಆ್ಯನ್ ವಿಸ್ಡಮ್ ಆಸ್ಟಿನ್-ಹೀಲಿ 3000 ಕಾರಿನಲ್ಲಿ ಲಿಯೇಜ್–ರೋಮ್–ಲಿಯೇಜ್ ರ‍್ಯಾಲಿ ಗೆದ್ದರು. 1964ರ ಮಾಂಟೆ ಕಾರ್ಲೊದಲ್ಲಿ ಮಿನಿ ಕೂಪರ್ ಎಸ್ ಗೆದ್ದಾಗ ಪ್ಯಾಡಿ ಹಾಪ್‌ಕರ್ಕ್ ಪಕ್ಕದಲ್ಲಿ ಓದುತ್ತಿದ್ದವರು ಹೆನ್ರಿ ಲಿಡ್ಡನ್. 1965ರಲ್ಲಿ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯನ್ನು ಭಾರತೀಯ ಮೂಲದ ಸಹೋದರರಾದ ಜೋಗಿಂದರ್ ಸಿಂಗ್ ಮತ್ತು ಜಸ್ವಂತ್ ಸಿಂಗ್ ವೋಲ್ವೊ ಪಿವಿ544 ಕಾರಿನಲ್ಲಿ ಗೆದ್ದರು.

ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ 1973ರಲ್ಲಿ ಕಾರು ತಯಾರಕರ ಸ್ಪರ್ಧೆಯಾಗಿ ಆರಂಭವಾಯಿತು. ಚಾಲಕರಿಗೆ ವಿಶ್ವ ಪ್ರಶಸ್ತಿ ಬಂದದ್ದು 1979ರಲ್ಲಿ. ಆ ವರ್ಷ ಗೆದ್ದ ಬ್ಯೋರ್ನ್ ವಾಲ್ಡೆಗಾರ್ಡ್ ಅವರ ಸಹಚಾಲಕ ಹಾನ್ಸ್ ಥೋರ್ಸೆಲಿಯಸ್. ಇಂದು ಸಹಚಾಲಕರಿಗೆ ಪ್ರತ್ಯೇಕ ಅಂಕಪಟ್ಟಿ, ಪ್ರತ್ಯೇಕ ವಿಶ್ವ ಪ್ರಶಸ್ತಿ ಇವೆ.

ಪೇಸ್ ನೋಟ್ಸಿನ ರಚನೆ

ಪೇಸ್ ನೋಟ್ಸಿನಲ್ಲಿ ನಾಲ್ಕು ಬಗೆಯ ಮಾಹಿತಿ ಇರುತ್ತದೆ: ತಿರುವಿನ ದಿಕ್ಕು, ಅದರ ಬಿಗಿ, ಮುಂದಿನ ತಿರುವಿಗೆ ಇರುವ ದೂರ, ಮತ್ತು ಎಚ್ಚರಿಕೆ. ಭಾರತೀಯ ಜೋಡಿಗಳು ಇದನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಬರೆದು ಇಂಗ್ಲಿಷಿನಲ್ಲೇ ಕೂಗುತ್ತವೆ. "ಲೆಫ್ಟ್ ಫೈವ್ ಓವರ್ ಕ್ರೆಸ್ಟ್, ಎಯ್ಟಿ, ರೈಟ್ ತ್ರೀ ಟೈಟನ್ಸ್, ಡೋಂಟ್ ಕಟ್" ಎಂದರೆ: ದಿಬ್ಬದ ನೆತ್ತಿಯ ಮೇಲೆ ಎಡಕ್ಕೆ ಸಲೀಸಾದ ತಿರುವು, ಆಮೇಲೆ 80 ಮೀಟರ್ ನೇರ, ಆಮೇಲೆ ಬಲಕ್ಕೆ ನಡುಬಿಗಿಯ ತಿರುವು, ಅದು ಒಳಗೆ ಹೋದಂತೆ ಇನ್ನೂ ಬಿಗಿಯಾಗುತ್ತದೆ, ಒಳಬದಿಯನ್ನು ಒತ್ತಿಕೊಂಡು ಹೋಗಬೇಡ. ಕಡೆಯ ಎರಡು ಪದಗಳ ಹಿಂದೆ ರಸ್ತೆಯ ಅಂಚಿನ ಹುಲ್ಲಿನಲ್ಲಿ ಅಡಗಿದ ಕಲ್ಲೋ, ಮೋರಿಯ ತಲೆಗೋಡೆಯೋ, ಆಳದ ಚರಂಡಿಯೋ ಇರುತ್ತದೆ. ಕೂಗುವಾಗ ಕಾರಣ ಹೇಳಲು ವ್ಯವಧಾನವಿಲ್ಲ. ಚಾಲಕರಿಗೆ ಆಜ್ಞೆ ಮಾತ್ರ ಮುಟ್ಟುತ್ತದೆ.

ಬಿಗಿಯನ್ನು ಅಳೆಯುವ ಪದ್ಧತಿ ಒಂದೇ ಅಲ್ಲ. ಹೆಚ್ಚು ಪ್ರಚಾರದಲ್ಲಿರುವುದು ಒಂದರಿಂದ ಆರರವರೆಗಿನ ಅಂಕಿ. 1 ತೀರ ಬಿಗಿ, 6 ವೇಗ ಇಳಿಸದೆ ಹೋಗುವಂಥದ್ದು. ಹೇರ್‌ಪಿನ್ ತಿರುವಿಗೆ ಬೇರೆ ಹೆಸರು. ಕೆಲವು ಜೋಡಿಗಳು ಇದನ್ನು ತಲೆಕೆಳಗು ಮಾಡಿಕೊಂಡಿರುತ್ತವೆ, ಅವರಿಗೆ 1 ಅತಿ ವೇಗದ ತಿರುವು. ಸ್ಟಿಯರಿಂಗ್ ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದನ್ನೇ ಅಂಕಿಯಾಗಿ ಬರೆಯುವವರಿದ್ದಾರೆ. ಯಾವ ಗೇರಿನಲ್ಲಿ ಹೋಗಬೇಕೆಂದು ಬರೆಯುವವರಿದ್ದಾರೆ. ಅಂಕಿಯೇ ಇಲ್ಲದೆ ನಿಧಾನ, ಮಧ್ಯಮ, ವೇಗ ಎಂದು ಮಾತಿನಲ್ಲಿ ಬರೆಯುವುದು ಹಳೆಯ ರೂಢಿ. ಯಾವ ಪದ್ಧತಿ ಎಂಬುದಕ್ಕಿಂತ ಅಳತೆ ಒಂದೇ ತೆರನಾಗಿರುವುದು ಮುಖ್ಯ. ಬೆಳಗಿನ ಸ್ಟೇಜಿನಲ್ಲಿ ನಾಲ್ಕು ಎಂದು ಕರೆದಂಥ ತಿರುವನ್ನು ದಣಿದ ಸಂಜೆ ಐದು ಎಂದು ಬರೆದರೆ, ಸ್ಪರ್ಧೆಯ ದಿನ ಆ ಒಂದು ಅಂಕಿ ಕಾರನ್ನು ಕಣಿವೆಗೆ ಇಳಿಸಬಲ್ಲುದು.

ಅಂಕಿಯ ಸುತ್ತ ಸಣ್ಣ ಪದಗಳ ಬಳಗವಿದೆ. ತಿರುವು ಉದ್ದವೋ ಗಿಡ್ಡವೋ, ಬಿಗಿಯಾಗುತ್ತದೋ ಬಿಚ್ಚಿಕೊಳ್ಳುತ್ತದೋ, ಹಿಂದಿನದಕ್ಕೆ ಅಂಟಿಕೊಂಡೇ ಬರುತ್ತದೋ, ದಿಬ್ಬದಲ್ಲಿ ಕಾರು ನೆಲ ಬಿಡುತ್ತದೋ, ಇಳಿದ ಮೇಲೆ ರಸ್ತೆಯ ಯಾವ ಪಕ್ಕದಲ್ಲಿರಬೇಕು, ಮಣ್ಣು ಗಟ್ಟಿಯೋ ಸಡಿಲವೋ ಎಂಬುದೆಲ್ಲ ಅಲ್ಲಿ ಸೇರುತ್ತದೆ. ಅಪಾಯದ ಮಟ್ಟವನ್ನು ಒಂದು, ಎರಡು, ಮೂರು ಆಶ್ಚರ್ಯಸೂಚಕ ಚಿಹ್ನೆಗಳಿಂದ ಗುರುತಿಸುತ್ತಾರೆ. ಓಡುವ ಕಾರಿನಲ್ಲಿ ಬರೆಯಬೇಕಾದ್ದರಿಂದ ಇಡೀ ಪದ ಬರೆಯಲು ಪುರುಸೊತ್ತಿಲ್ಲ. ಪ್ರತಿ ಸಹಚಾಲಕರಿಗೂ ತಮ್ಮದೇ ಶೀಘ್ರಲಿಪಿ ಇರುತ್ತದೆ. ಒಬ್ಬರ ಪುಸ್ತಕವನ್ನು ಇನ್ನೊಬ್ಬರ ಕೈಗಿತ್ತರೆ ಬಹುಮಟ್ಟಿಗೆ ಅದು ಮೂಕ.

ಟಿಪ್ಪಣಿ ತಯಾರಾಗುವುದು ರೆಕ್ಕಿಯಲ್ಲಿ. ಹಿಂದೆ ದೊಡ್ಡ ತಂಡಗಳು ವಾರಗಟ್ಟಲೆ ಸ್ಟೇಜುಗಳನ್ನು ಓಡಿಸಿ ನೋಡುತ್ತಿದ್ದವು. ಈಗ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಒಂದು ಸ್ಟೇಜಿಗೆ ಎರಡು ಸಲ ಮಾತ್ರ ಅನುಮತಿ, ಅದೂ ಮಿತವೇಗದಲ್ಲಿ. ಮೊದಲ ಸಲ ಚಾಲಕರು ಹೇಳುತ್ತ ಹೋಗುತ್ತಾರೆ, ಸಹಚಾಲಕರು ಬರೆದುಕೊಳ್ಳುತ್ತಾರೆ. ಎರಡನೆಯ ಸಲ ಸಹಚಾಲಕರು ಓದುತ್ತಾರೆ, ಚಾಲಕರು ತಿದ್ದುತ್ತಾರೆ. ರಾತ್ರಿ ಕೋಣೆಯಲ್ಲಿ ಕಾರಿನ ಕ್ಯಾಮೆರಾದ ಚಿತ್ರಣ ನೋಡುತ್ತ ಮತ್ತೆ ತಿದ್ದುವುದು, ಶುದ್ಧಪ್ರತಿ ಬರೆಯುವುದು ನಡೆಯುತ್ತದೆ. ನಿಧಾನವಾಗಿ ಓಡಿಸುವಾಗ ಸಪಾಟಾಗಿ ಕಂಡ ಉಬ್ಬು ಸ್ಪರ್ಧೆಯ ವೇಗದಲ್ಲಿ ಕಾರನ್ನು ಗಾಳಿಗೆ ಎಸೆಯಬಹುದು. ಇದನ್ನು ಊಹಿಸಿ ಬರೆಯುವುದು ಚಾಲಕರ ಜಾಣ್ಮೆ, ಊಹೆ ತಪ್ಪಾಗಿರಬಹುದೆಂದು ಕೇಳುವುದು ಸಹಚಾಲಕರ ಜಾಣ್ಮೆ.

ಮಾಂಟೆ ಕಾರ್ಲೊದಂಥ ಡಾಂಬರು ಮತ್ತು ಹಿಮದ ರ‍್ಯಾಲಿಗಳಲ್ಲಿ ರೆಕ್ಕಿಯ ದಿನದ ರಸ್ತೆಯೇ ಸ್ಪರ್ಧೆಯ ದಿನ ಇರುವುದಿಲ್ಲ. ಅಲ್ಲಿ ಅನುಭವಿ ಚಾಲಕರನ್ನೊಳಗೊಂಡ ಇನ್ನೊಂದು ಜೋಡಿ ಸ್ಟೇಜ್ ಮುಚ್ಚುವ ಮುನ್ನ ಓಡಿಸಿ, ಎಲ್ಲಿ ಮಂಜುಗಡ್ಡೆ ಕಟ್ಟಿದೆ, ಎಲ್ಲಿ ಮಣ್ಣು ಹರಡಿದೆ ಎಂದು ತಿದ್ದುಪಡಿ ಕಳಿಸುತ್ತದೆ. ಆ ತಿದ್ದುಪಡಿಗಳನ್ನು ತಮ್ಮ ಪುಸ್ತಕಕ್ಕೆ ಸಾಲುಸಾಲಾಗಿ ಇಳಿಸಿಕೊಳ್ಳುವುದು ಸಹಚಾಲಕರು.

ಓದುವಿಕೆ

ಏನು ಹೇಳಬೇಕೆಂಬುದು ಪುಸ್ತಕದಲ್ಲಿದೆ. ಯಾವಾಗ ಹೇಳಬೇಕೆಂಬುದು ಎಲ್ಲಿಯೂ ಬರೆದಿಲ್ಲ. ಸಹಚಾಲನೆಯ ಕೌಶಲದ ತಿರುಳು ಇದು.

ಗಂಟೆಗೆ 108 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 30 ಮೀಟರ್. ಪುಸ್ತಕದಲ್ಲಿ 80 ಎಂದು ಬರೆದ ನೇರ ರಸ್ತೆ ಮೂರು ಸೆಕೆಂಡಿನೊಳಗೆ ಮುಗಿಯುತ್ತದೆ. ತಿರುವಿನ ವಿವರ ತಡವಾಗಿ ಬಂದರೆ ಉಪಯೋಗವಿಲ್ಲ. ತೀರ ಮುಂಚೆ ಬಂದರೆ ಚಾಲಕರು ಎರಡು ಮೂರು ತಿರುವುಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕಾಗಿ ಒಂದರ ವಿವರ ಇನ್ನೊಂದಕ್ಕೆ ಅಂಟುತ್ತದೆ. ಸಾಮಾನ್ಯವಾಗಿ ಕಾರು ಒಂದು ತಿರುವಿನೊಳಗೆ ಇರುವಾಗ ಅದರ ಮುಂದಿನದು, ಕೆಲವೊಮ್ಮೆ ಅದರಾಚೆಯದೂ, ಕಿವಿಗೆ ಬಿದ್ದಿರಬೇಕು. ಫಿನ್ಲೆಂಡಿನಂಥ ಅತಿವೇಗದ ರಸ್ತೆಗಳಲ್ಲಿ, ಗೆದ್ದವರ ಸರಾಸರಿಯೇ ಗಂಟೆಗೆ 120 ಕಿ.ಮೀ. ಮೀರುವಲ್ಲಿ, ಬಹಳ ಮುಂದಕ್ಕೆ ಓದಬೇಕಾಗುತ್ತದೆ. ಕೋರ್ಸಿಕಾದ ಸುತ್ತುಬಳಸಿನ ಘಟ್ಟದಲ್ಲಿ ತಿರುವಿನ ಮೇಲೆ ತಿರುವು ಬರುವುದರಿಂದ ಮಾತು ನಿಲ್ಲುವುದೇ ಇಲ್ಲ. ಎಷ್ಟು ಮುಂದೆ ಬೇಕೆಂಬುದು ಚಾಲಕರಿಂದ ಚಾಲಕರಿಗೂ ಬದಲಾಗುತ್ತದೆ.

ಓದುತ್ತಿರುವ ಸಾಲಿಗೂ ಓಡುತ್ತಿರುವ ರಸ್ತೆಗೂ ಹೊಂದಿಕೆ ತಪ್ಪದಂತೆ ನೋಡಿಕೊಳ್ಳಬೇಕು, ಆದರೆ ತಲೆಯೆತ್ತಿ ನೋಡಲು ಹೆಚ್ಚು ಅವಕಾಶವಿಲ್ಲ. ಕಾರಿನ ತೂಕ ಕೆಳಗಿರಲೆಂದು ಸಹಚಾಲಕರ ಆಸನವನ್ನು ಚಾಲಕರದಕ್ಕಿಂತ ತಗ್ಗಿಸಿ, ಹಿಂದಕ್ಕೆ ಸರಿಸಿ ಇಟ್ಟಿರುತ್ತಾರೆ; ಕೆಲವು ಕಾರುಗಳಲ್ಲಿ ಅಲ್ಲಿಂದ ಬಾನೆಟ್ಟಿನಾಚೆ ಮರದ ತುದಿಗಳಷ್ಟೇ ಕಾಣುತ್ತವೆ. ಬ್ರೇಕು ಬಿದ್ದದ್ದು, ಮೈ ಎಡಕ್ಕೆ ವಾಲಿದ್ದು, ಆಸನ ಹಗುರಾಗಿ ದಿಬ್ಬ ದಾಟಿದ್ದು, ಇವುಗಳಿಂದಲೇ ಎಲ್ಲಿದ್ದೇವೆಂದು ತಿಳಿಯಬೇಕು. ಅನುಭವಿಗಳು ಕುಳಿತ ಭಾಗದಿಂದಲೇ ರಸ್ತೆ ಓದುತ್ತಾರೆ ಎನ್ನುವುದು ಈ ಅರ್ಥದಲ್ಲಿ.

ಧ್ವನಿಯೂ ಮಾಹಿತಿ. ಹೆಲ್ಮೆಟ್ಟಿನೊಳಗಿನ ಇಂಟರ್‌ಕಾಮ್ ಮೂಲಕ ಹೋಗುವ ಮಾತು ಒಂದೇ ಲಯದಲ್ಲಿರುತ್ತದೆ. ಅಪಾಯದ ಪದಕ್ಕೆ ಮಾತ್ರ ಒತ್ತು ಬೀಳುತ್ತದೆ, ಉದ್ದದ ತಿರುವಿನ ಪದವನ್ನು ಎಳೆದು ಹೇಳುತ್ತಾರೆ. ಗಾಬರಿ ಧ್ವನಿಗೆ ಇಳಿದರೆ ಚಾಲಕರ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಮೇಲೇಳುತ್ತದೆ. ಓದುವ ಭಾಷೆ ಇಬ್ಬರ ತಾಯ್ನುಡಿಯೇ ಆಗಬೇಕೆಂದೇನಿಲ್ಲ: ನಾರ್ವೆಯ ಪೆಟ್ಟರ್ ಸೋಲ್ಬರ್ಗ್ 2003ರಲ್ಲಿ ವಿಶ್ವ ಚಾಂಪಿಯನ್ ಆದದ್ದು ವೇಲ್ಸಿನ ಫಿಲ್ ಮಿಲ್ಸ್ ಇಂಗ್ಲಿಷಿನಲ್ಲಿ ಓದಿದ ಟಿಪ್ಪಣಿಯ ಮೇಲೆ. ಜಪಾನಿನ ತಕಾಮೊಟೊ ಕತ್ಸುತಾ ಕೂಡ ಇಂಗ್ಲಿಷ್ ಟಿಪ್ಪಣಿ ಕೇಳಿಸಿಕೊಂಡು ಓಡಿಸುತ್ತಾರೆ.

ಪುಟ ಮಗುಚುವಾಗ ಎರಡು ಹಾಳೆ ಅಂಟಿಕೊಂಡು ಬರುವುದು, ಕಣ್ಣು ಒಂದು ಸಾಲು ಹಾರುವುದು ಎಲ್ಲರಿಗೂ ಆಗುತ್ತದೆ. ಆಗ ಅಂದಾಜಿನ ಮೇಲೆ ಓದುತ್ತ ಹೋಗುವುದಕ್ಕಿಂತ ದೊಡ್ಡ ತಪ್ಪಿಲ್ಲ. ಸಾಲು ತಪ್ಪಿದೆಯೆಂದು ಒಡನೆಯೇ ಹೇಳಬೇಕು. ಚಾಲಕರು ಕಣ್ಣಿಗೆ ಕಂಡಷ್ಟನ್ನೇ ನಂಬಿ ನಿಧಾನಿಸುತ್ತಾರೆ. ಹೇರ್‌ಪಿನ್, ಕೂಡುರಸ್ತೆ, ಸೇತುವೆಯಂಥ ತಪ್ಪಲಾಗದ ಗುರುತು ಸಿಕ್ಕಿದಲ್ಲಿಂದ ಓದು ಮತ್ತೆ ಶುರುವಾಗುತ್ತದೆ.

ಗಡಿಯಾರ ಮತ್ತು ಇತರ ಕೆಲಸಗಳು

ದಿನದ ಹೆಚ್ಚಿನ ಹೊತ್ತು ಕಳೆಯುವುದು ಸ್ಟೇಜಿನಲ್ಲಲ್ಲ, ಸಂಪರ್ಕ ರಸ್ತೆಯಲ್ಲಿ. ಅಲ್ಲಿ ಸಂಚಾರ ನಿಯಮಗಳು ಸ್ಪರ್ಧಿಗಳಿಗೂ ಅನ್ವಯ. ಮುಂದಿನ ಠಾಣೆಗೆ ಯಾವ ನಿಮಿಷಕ್ಕೆ ಮುಟ್ಟಬೇಕೆಂಬುದು ನಿಗದಿಯಾಗಿರುತ್ತದೆ. ವಿಶ್ವ ಚಾಂಪಿಯನ್‌ಷಿಪ್ಪಿನ ನಿಯಮದಂತೆ ಒಂದು ನಿಮಿಷ ತಡವಾದರೆ 10 ಸೆಕೆಂಡು ದಂಡ, ಒಂದು ನಿಮಿಷ ಬೇಗ ಬಂದರೆ ಪೂರ್ತಿ 1 ನಿಮಿಷ. ಬೇಗ ಬರುವುದು ತಡವಾಗುವುದಕ್ಕಿಂತ ಆರು ಪಟ್ಟು ದುಬಾರಿ. ಠಾಣೆಯ ಮುನ್ಸೂಚನೆಯ ಹಳದಿ ಫಲಕದ ಹಿಂದೆ ಕಾರು ನಿಲ್ಲಿಸಿ, ಟೈಮ್ ಕಾರ್ಡ್ ಹಿಡಿದು, ಗಡಿಯಾರದ ಮೇಲೆ ಕಣ್ಣಿಟ್ಟು ಸಹಚಾಲಕರು ನಿಂತಿರುವುದು ಈ ಕಾರಣಕ್ಕೆ. ಸ್ಟೇಜುಗಳಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಬಡಿದಾಡಿ ಗಳಿಸಿದ್ದನ್ನು ಒಂದು ತಪ್ಪು ಲೆಕ್ಕ ಕಳೆದುಬಿಡುತ್ತದೆ.

ಇದಲ್ಲದೆ ಇಂಧನದ ಲೆಕ್ಕ, ಟೈರಿನ ಗಾಳಿ, ಹವಾಮಾನದ ಸುದ್ದಿ, ಎದುರಾಳಿಗಳ ಸಮಯ, ಠಾಣೆಯವರು ಬರೆದ ಅಂಕಿ ಸರಿಯಿದೆಯೇ ಎಂಬ ತಾಳೆ, ಎಲ್ಲವೂ ಬಲಗಡೆಯದೋ ಎಡಗಡೆಯದೋ ಆ ಎರಡನೆಯ ಆಸನದ ಕೆಲಸ. ಕೆಲವು ಕಾರುಗಳಲ್ಲಿ ಹಾರ್ನ್ ಮತ್ತು ವೈಪರಿನ ಗುಂಡಿಗಳೂ ಸಹಚಾಲಕರ ಕಾಲಬುಡದಲ್ಲಿರುತ್ತವೆ. ಸ್ಟೇಜಿನ ನಡುವೆ ಟೈರು ಒಡೆದರೆ ಇಬ್ಬರೂ ಹಾರಿಳಿದು ಜಾಕ್ ಹಾಕಿ ಚಕ್ರ ಬದಲಿಸುತ್ತಾರೆ. ತಂಡದವರು ಕಾರು ದುರಸ್ತಿ ಮಾಡುವ ಸರ್ವಿಸ್ ಪಾರ್ಕಿನಾಚೆ ಹೊರಗಿನವರು ಕಾರಿಗೆ ಕೈಹಚ್ಚುವಂತಿಲ್ಲ. ಚಕ್ರ ಬದಲಿಸಿದ ಅರೆನಿಮಿಷಕ್ಕೆ ಏದುಸಿರನ್ನು ಅಡಗಿಸಿ ಹಳೆಯ ಲಯದಲ್ಲೇ ಓದಬೇಕು.

ಒತ್ತಡ

ಓಡುವ ವಾಹನದಲ್ಲಿ ಓದುವಾಗ ಕಣ್ಣಿಗೆ ಹಾಳೆ ನಿಂತಂತೆ ಕಾಣುತ್ತದೆ, ಒಳಕಿವಿಗೆ ಮೈ ಎತ್ತಲೋ ಎಸೆಯಲ್ಪಡುವುದು ತಿಳಿಯುತ್ತದೆ. ಇವೆರಡರ ಜಗಳವೇ ಹೊಟ್ಟೆ ತೊಳಸುವಿಕೆ. ಜೆಂಕಿನ್ಸನ್ ಅವರಿಂದ ಇಂದಿನವರೆಗೆ ಇದಕ್ಕೆ ಹೊರತಾದವರು ಕಡಿಮೆ. ಅಭ್ಯಾಸದಿಂದ ಬಹುಪಾಲು ಜನರಲ್ಲಿ ಇದು ಇಳಿಯುತ್ತದೆ. ಇಳಿಯದವರು ಈ ಕ್ಷೇತ್ರ ಬಿಡುತ್ತಾರೆ.

ನೆಗೆದ ಕಾರು ನೆಲಕ್ಕೆ ಬಿದ್ದಾಗಿನ ಹೊಡೆತವನ್ನು ಬೆನ್ನುಹುರಿ ತಿನ್ನುತ್ತದೆ. ಸ್ಟಿಯರಿಂಗ್ ಹಿಡಿದ ಚಾಲಕರಿಗೆ ಮೈ ಬಿಗಿಹಿಡಿಯಲು ಒಂದು ಆಸರೆಯಿದೆ, ಹೊಡೆತ ಬರುವ ಕ್ಷಣವೂ ಗೊತ್ತು. ತಲೆ ತಗ್ಗಿಸಿ ಓದುವವರಿಗೆ ಎರಡೂ ಇಲ್ಲ. ಟಾಮಿ ಮ್ಯಾಕಿನೆನ್ ಜೊತೆ 1998 ಮತ್ತು 1999ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ರಿಸ್ಟೊ ಮನ್ನಿಸೆನ್‌ಮಾಕಿ 2001ರ ಕೋರ್ಸಿಕಾ ರ‍್ಯಾಲಿಯ ಅಪಘಾತದಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡರು. ಅವರ ಜಾಗಕ್ಕೆ ಕಾಯ್ ಲಿಂಡ್‌ಸ್ಟ್ರೋಮ್ ಬಂದರು.

ಮನಸ್ಸಿನ ಒತ್ತಡದ ಮೂಲ ಬೇರೆ. ಸಹಚಾಲಕರ ಕೈಯಲ್ಲಿ ಬ್ರೇಕಿಲ್ಲ. ಚಾಲಕರು ತಪ್ಪು ಮಾಡುತ್ತಿದ್ದಾರೆಂದು ಮೈಗೆ ಗೊತ್ತಾದರೂ ಮುಂದಿನ ಸಾಲು ಓದುವುದೊಂದೇ ದಾರಿ. ಕಾರು ಜಾರಿ ಅರ್ಧಸುತ್ತು ತಿರುಗುತ್ತಿರುವಾಗಲೂ ಬೆರಳು ಸಾಲಿನ ಮೇಲಿರಬೇಕು, ಏಕೆಂದರೆ ನೇರವಾದ ಮರುಕ್ಷಣ ಚಾಲಕರಿಗೆ ಅದೇ ಬೇಕಾಗುತ್ತದೆ. ತಪ್ಪು ಓದಿನಿಂದ ಕಾರು ಮಗುಚಿದರೆ ಅದರ ಭಾರ ಒಬ್ಬರದೇ. ಚಾಲಕರ ತಪ್ಪಿನಿಂದಾದ ಸೋಲು ಇಬ್ಬರದೂ. 1998ರ ಬ್ರಿಟನ್ ರ‍್ಯಾಲಿಯ ಕೊನೆಯ ಸ್ಟೇಜಿನ ಗುರಿಗೆ ಕೆಲವೇ ನೂರು ಮೀಟರ್ ಉಳಿದಿರುವಾಗ ಚಾಲಕ ಕಾರ್ಲೋಸ್ ಸೈನ್ಸ್ ಮತ್ತು ಸಹಚಾಲಕ ಲೂಯಿಸ್ ಮೋಯಾ ಅವರ ಟೊಯೊಟಾ ಕೊರೊಲ್ಲಾ ಎಂಜಿನ್ ಕೆಟ್ಟು ನಿಂತಿತು, ಕೈಗೆ ಬಂದಿದ್ದ ವಿಶ್ವ ಪ್ರಶಸ್ತಿ ಹೋಯಿತು. ಓದಿನಲ್ಲಿ ಯಾವ ತಪ್ಪೂ ಇರಲಿಲ್ಲ. ಮೋಯಾ ಹೆಲ್ಮೆಟ್ ಎಸೆದು ಕಾರಿನ ಹಿಂದಿನ ಗಾಜು ಒಡೆದರು.

ಜೋಡಿ ಮುರಿಯುವುದು ಇನ್ನೊಂದು ಪರೀಕ್ಷೆ. 2021ರ ಮಾಂಟೆ ಕಾರ್ಲೊ ಹತ್ತಿರವಾದಾಗ ಚಾಲಕ ತಿಯೆರಿ ನೊವಿಲ್ ಮತ್ತು ಸಹಚಾಲಕ ನಿಕೊಲಾ ಜಿಲ್ಸೂಲ್ ಬೇರೆಯಾದರು. ಕೆಲವೇ ದಿನಗಳ ತಯಾರಿಯಲ್ಲಿ ಪಕ್ಕಕ್ಕೆ ಬಂದ ಮಾರ್ಟೈನ್ ವಿಡಾಹೆ ಅದೇ ರ‍್ಯಾಲಿಯಲ್ಲಿ ಮೂರನೆಯ ಸ್ಥಾನ ಕಂಡರು. ಆ ಜೋಡಿ 2024ರಲ್ಲಿ ವಿಶ್ವ ಪ್ರಶಸ್ತಿ ಗೆದ್ದಿತು.

ಅಪಘಾತ ಮತ್ತು ಸುರಕ್ಷತೆ

1986ರ ಮೇ 2ರಂದು ಕೋರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಲ್ಯಾನ್ಸಿಯಾ ಡೆಲ್ಟಾ ಎಸ್4 ಕಾರಿನಲ್ಲಿ ಸತ್ತರು. ಗ್ರೂಪ್ ಬಿ ಎಂಬ ಅತಿಶಕ್ತಿಯ ಕಾರುಗಳ ಯುಗ ಆ ವರ್ಷವೇ ಮುಗಿಯಿತು. 2005ರ ವೇಲ್ಸ್ ರ‍್ಯಾಲಿಯಲ್ಲಿ ಮಾರ್ಕೊ ಮಾರ್ಟಿನ್ ಅವರ ಪ್ಯೂಜೊ ಮರಕ್ಕೆ ಬಡಿದು ಸಹಚಾಲಕ ಮೈಕೆಲ್ ಪಾರ್ಕ್ ಸತ್ತರು, ಚಾಲಕರಿಗೆ ಗಂಭೀರ ಗಾಯಗಳಾಗಲಿಲ್ಲ. 2012ರ ತಾರ್ಗಾ ಫ್ಲೋರಿಯೊ ರ‍್ಯಾಲಿಯಲ್ಲಿ ಕ್ರೇಗ್ ಬ್ರೀನ್ ಅವರ ಸಹಚಾಲಕ ಗ್ಯಾರೆತ್ ರಾಬರ್ಟ್ಸ್ ರಸ್ತೆಬದಿಯ ಲೋಹದ ತಡೆಪಟ್ಟಿ ಕಾರಿನೊಳಗೆ ನುಗ್ಗಿ ಸತ್ತರು. ಪಕ್ಕದಿಂದ ಬರುವ ಹೊಡೆತಕ್ಕೆ ಕಾರಿನ ಬಾಗಿಲಿನ ಭಾಗ ಎಷ್ಟು ದುರ್ಬಲವೆಂಬುದನ್ನು ಇಂಥ ಸಾವುಗಳು ತೋರಿಸಿದವು. ಬಾಗಿಲಿನೊಳಗೆ ಶಕ್ತಿ ಹೀರುವ ಫೋಮ್, ಗಟ್ಟಿ ರೋಲ್ ಕೇಜ್, ತಲೆಯ ಇಬ್ಬದಿಗೂ ಆಸರೆಯುಳ್ಳ ಆಸನ, ಕತ್ತನ್ನು ಹಿಡಿದಿಡುವ ಹಾನ್ಸ್ ಪಟ್ಟಿ ಇಂದು ಇಬ್ಬರಿಗೂ ಇವೆ.

ಕಾರು ಸ್ಟೇಜಿನಲ್ಲಿ ನಿಂತರೆ ಹಿಂದೆ ಬರುವವರಿಗೆ ಕನಿಷ್ಠ 50 ಮೀಟರ್ ಮೊದಲೇ ಕಾಣುವಂತೆ ಕೆಂಪು ತ್ರಿಕೋನ ಇಡಬೇಕು. ರೋಡ್ ಬುಕ್ಕಿನಲ್ಲಿ ಒಂದು ಕಡೆ ಓಕೆ, ಇನ್ನೊಂದು ಕಡೆ ಎಸ್ಒಎಸ್ ಎಂದು ದೊಡ್ಡದಾಗಿ ಅಚ್ಚಾದ ಹಾಳೆ ಇರುತ್ತದೆ. ಯಾರಿಗೂ ಪೆಟ್ಟಾಗದಿದ್ದರೆ ಓಕೆ ತೋರಿಸಬೇಕು. ಎಸ್ಒಎಸ್ ಕಂಡ ಜೋಡಿ ತನ್ನ ಸ್ಪರ್ಧೆ ಬಿಟ್ಟು ನಿಲ್ಲಲೇಬೇಕು. ಹಾಳೆ ಹಿಡಿದು ರಸ್ತೆಗೆ ಓಡುವವರು ಸಾಮಾನ್ಯವಾಗಿ ಸಹಚಾಲಕರು.

ಬಗೆಗಳು

ಮೇಲೆ ಹೇಳಿದ್ದು ಸ್ಟೇಜ್ ರ‍್ಯಾಲಿಯ ಸಹಚಾಲನೆ. ಟಿಎಸ್‌ಡಿ ರ‍್ಯಾಲಿಯ ಕೆಲಸ ಶುದ್ಧ ಲೆಕ್ಕ. ಕಾಲ, ವೇಗ, ದೂರ ಎಂಬುದು ಅದರ ಹೆಸರಿನ ಅರ್ಥ. ಗೊತ್ತುಪಡಿಸಿದ ಸರಾಸರಿಯಲ್ಲೇ ಓಡಬೇಕು, ಬೇಗ ಮುಟ್ಟಿದರೂ ತಡವಾದರೂ ದಂಡ. ಸರಾಸರಿ 36 ಕಿ.ಮೀ. ಎಂದಿದ್ದರೆ ಒಂದು ಕಿಲೋಮೀಟರಿಗೆ 100 ಸೆಕೆಂಡು, 17.4 ಕಿ.ಮೀ. ದೂರದ ಗುಪ್ತ ಠಾಣೆಗೆ ಸರಿಯಾಗಿ 29ನೇ ನಿಮಿಷಕ್ಕೆ ಮುಟ್ಟಬೇಕು. ನಡುವೆ ದನದ ಹಿಂಡು ಅಡ್ಡ ಬಂದು ಕಳೆದ ಸೆಕೆಂಡುಗಳನ್ನು ಎಲ್ಲಿ ಹೇಗೆ ತುಂಬಿಕೊಳ್ಳಬೇಕೆಂದು ನ್ಯಾವಿಗೇಟರ್ ಹೇಳುತ್ತಿರಬೇಕು. ಸ್ಪರ್ಧೆಗೆ ಮೊದಲು ಕಾರಿನ ದೂರಮಾಪಕಕ್ಕೂ ಸಂಘಟಕರ ದೂರಮಾಪಕಕ್ಕೂ ಇರುವ ವ್ಯತ್ಯಾಸ ಕಂಡುಕೊಳ್ಳದಿದ್ದರೆ ಲೆಕ್ಕವೆಲ್ಲ ವ್ಯರ್ಥ.

ಡಕಾರ್ ಮಾದರಿಯ ಮರುಭೂಮಿ ರ‍್ಯಾಲಿಯಲ್ಲಿ ರೆಕ್ಕಿ ಇಲ್ಲ. ರೋಡ್ ಬುಕ್ ಸಿಗುವುದು ಹೊರಡುವ ತುಸು ಮೊದಲು, ಈಚಿನ ವರ್ಷಗಳಲ್ಲಿ ಪರದೆಯ ಮೇಲೆ. ರಸ್ತೆಯೇ ಇಲ್ಲದ ಕಡೆ ದಿಕ್ಕಿನ ಡಿಗ್ರಿ ಹಿಡಿದು ಕಾಣದ ಗುರುತನ್ನು ಮುಟ್ಟಬೇಕು. ಅಲ್ಲಿ ದಾರಿ ತಪ್ಪಿದರೆ ನಷ್ಟ ಸೆಕೆಂಡುಗಳಲ್ಲಿ ಮುಗಿಯುವುದಿಲ್ಲ. ಕಾರ್ಲೋಸ್ ಸೈನ್ಸ್ ಅವರ ನಾಲ್ಕು ಡಕಾರ್ ಗೆಲುವುಗಳಲ್ಲೂ (2010, 2018, 2020, 2024) ಪಕ್ಕದಲ್ಲಿದ್ದವರು ಲುಕಾಸ್ ಕ್ರೂಸ್.

ರೆಕ್ಕಿಗೆ ಅವಕಾಶವಿಲ್ಲದ ಕೆಲವು ಸ್ಟೇಜ್ ರ‍್ಯಾಲಿಗಳಲ್ಲಿ ಸಂಘಟಕರೇ ಟಿಪ್ಪಣಿ ಕೊಡುತ್ತಾರೆ. ಸ್ವೀಡನ್ನಿನಲ್ಲಿ ಹುಟ್ಟಿದ ಜೆಂಬಾ ಪದ್ಧತಿ ಉಪಕರಣದಿಂದ ರಸ್ತೆ ಅಳೆದು ತಯಾರಿಸಿದ ಇಂಥ ಟಿಪ್ಪಣಿ.

ಪ್ರಮುಖರು

ಮೊನಾಕೊದ ಸಹಚಾಲಕ ಡೇನಿಯಲ್ ಎಲೆನಾ ಚಾಲಕ ಸೆಬಾಸ್ಟಿಯನ್ ಲೋಬ್ ಜೊತೆ 2004ರಿಂದ 2012ರವರೆಗೆ ಸತತ ಒಂಬತ್ತು ವಿಶ್ವ ಪ್ರಶಸ್ತಿ ಗೆದ್ದರು. ಜೂಲಿಯನ್ ಇಂಗ್ರಾಸಿಯಾ ಸೆಬಾಸ್ಟಿಯನ್ ಒಗಿಯೆ ಜೊತೆ ಎಂಟು ಗೆದ್ದು 2021ರಲ್ಲಿ ನಿವೃತ್ತರಾದರು. ವೇಲ್ಸಿನ ನಿಕಿ ಗ್ರಿಸ್ಟ್ ಕಾಲಿನ್ ಮ್ಯಾಕ್‌ರೇ ಅವರ ಸಹಚಾಲಕ. ಮ್ಯಾಕ್‌ರೇ ಹೆಸರಿನ ವಿಡಿಯೊ ಆಟದ ಮೂಲಕ ರ‍್ಯಾಲಿಯನ್ನೇ ನೋಡದವರಿಗೂ ಅವರ ಧ್ವನಿ ಪರಿಚಯ. ಫಿನ್ಲೆಂಡಿನ ಟಿಮೊ ರೌಟಿಯಾಯ್ನೆನ್ 2000 ಮತ್ತು 2002ರಲ್ಲಿ ತಮ್ಮ ಹೆಂಡತಿಯ ಸಹೋದರ ಮಾರ್ಕಸ್ ಗ್ರಾನ್‌ಹೋಮ್ ಜೊತೆ ಗೆದ್ದರು.

1981ರ ಸ್ಯಾನ್‌ರೆಮೊ ರ‍್ಯಾಲಿಯಲ್ಲಿ ಆಡಿ ಕ್ವಾಟ್ರೊ ಓಡಿಸಿದ ಮಿಶೆಲ್ ಮೂಟೋನ್ ವಿಶ್ವ ಚಾಂಪಿಯನ್‌ಷಿಪ್ಪಿನ ರ‍್ಯಾಲಿ ಗೆದ್ದ ಮೊದಲ ಮಹಿಳೆಯಾದರು. ಸಹಚಾಲಕಿ ಫ್ಯಾಬ್ರಿಸಿಯಾ ಪೋನ್ಸ್. ಪೋನ್ಸ್ 1997ರ ಮಾಂಟೆ ಕಾರ್ಲೊವನ್ನು ಪಿಯೆರೊ ಲಿಯಾಟ್ಟಿ ಜೊತೆ ಗೆದ್ದ ನಂತರ ವಿಜೇತ ಕಾರಿನಲ್ಲಿ ಇನ್ನೊಬ್ಬ ಮಹಿಳೆ ಕಾಣಿಸಿಕೊಂಡದ್ದು 2022ರಲ್ಲಿ. ಆ ವರ್ಷದ ಮಾಂಟೆ ಕಾರ್ಲೊದಲ್ಲಿ ಲೋಬ್ ಪಕ್ಕದಲ್ಲಿದ್ದ ಇಸಾಬೆಲ್ ಗಾಲ್ಮಿಷ್ ವೃತ್ತಿಯಲ್ಲಿ ಶಾಲಾ ಶಿಕ್ಷಕಿ. ಗೆಲುವಿನ ಅಂತರ 10.5 ಸೆಕೆಂಡು.

ಯೋಜನೆ, ಲೆಕ್ಕ, ಇನ್ನೊಬ್ಬರ ಮನಸ್ಸು ಅರಿಯುವ ಅಭ್ಯಾಸ ಇವು ಆಡಳಿತಕ್ಕೂ ಒದಗಿದವು. 1981ರಲ್ಲಿ ಆರಿ ವಾಟನೆನ್ ಜೊತೆ ವಿಶ್ವ ಪ್ರಶಸ್ತಿ ಗೆದ್ದ ಡೇವಿಡ್ ರಿಚರ್ಡ್ಸ್ ಪ್ರೊಡ್ರೈವ್ ಸಂಸ್ಥೆ ಕಟ್ಟಿದರು. ಅದೇ ವರ್ಷ ಗಿ ಫ್ರೆಕೆಲಾನ್ ಪಕ್ಕದಲ್ಲಿ ಓದುತ್ತಿದ್ದ ಜಾನ್ ಟಾಡ್ ಮುಂದೆ ಫೆರಾರಿ ಫಾರ್ಮುಲಾ ಒನ್ ತಂಡವನ್ನು ನಡೆಸಿ, 2009ರಿಂದ 2021ರವರೆಗೆ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಎಫ್ಐಎ ಅಧ್ಯಕ್ಷರಾಗಿದ್ದರು.

ಭಾರತದಲ್ಲಿ

1980ರಲ್ಲಿ ಆರಂಭವಾದ ಹಿಮಾಲಯನ್ ರ‍್ಯಾಲಿ ದೇಶಕ್ಕೆ ಅಂತರರಾಷ್ಟ್ರೀಯ ಜೋಡಿಗಳನ್ನು ತಂದಿತು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ 1988ರಿಂದ ನಡೆಯುತ್ತಿದೆ. ಅದರಲ್ಲಿಯೂ ಸಹಚಾಲಕರಿಗೆ ಬೇರೆ ಪ್ರಶಸ್ತಿಯಿದೆ. ಕರ್ನಾಟಕದಲ್ಲಿ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ಹಳೆಯ ರ‍್ಯಾಲಿಗಳಲ್ಲಿ ಒಂದು. ಚಿಕ್ಕಮಗಳೂರಿನ ಕಾಫಿ ತೋಟಗಳ ಖಾಸಗಿ ರಸ್ತೆಗಳಲ್ಲಿ ರಾಷ್ಟ್ರೀಯ ಸುತ್ತುಗಳೂ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತುಗಳೂ ನಡೆದಿವೆ. ತೋಟದ ಸ್ಟೇಜು ಸಹಚಾಲಕರಿಗೆ ಕಷ್ಟದ ಓದು. ಸಿಲ್ವರ್ ಓಕ್ ಸಾಲುಗಳ ನಡುವೆ ತಿರುವುಗಳೆಲ್ಲ ಒಂದೇ ಥರ ಕಾಣುತ್ತವೆ, ಕೂಡುರಸ್ತೆಗಳು ಹೆಜ್ಜೆಹೆಜ್ಜೆಗೂ ಬರುತ್ತವೆ, ಚರಂಡಿ ರಸ್ತೆಗೆ ಅಂಟಿಕೊಂಡೇ ಇರುತ್ತದೆ. ಒಂದು ಮಳೆ ಬಿದ್ದರೆ ಕೆಮ್ಮಣ್ಣಿನ ಹಿಡಿತದ ಬಗ್ಗೆ ಬರೆದುಕೊಂಡದ್ದೆಲ್ಲ ಹಳತಾಗುತ್ತದೆ.

ಕಾಸರಗೋಡು ಜಿಲ್ಲೆಯ ಮೂಸಾ ಶರೀಫ್ ದೇಶದ ಅತಿ ಅನುಭವಿ ಸಹಚಾಲಕರಲ್ಲೊಬ್ಬರು, ಚಾಲಕ ಗೌರವ್ ಗಿಲ್ ಜೊತೆ ಹಲವು ರಾಷ್ಟ್ರೀಯ ಗೆಲುವುಗಳನ್ನು ಕಂಡವರು. ಗಿಲ್ 2013, 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆದರು. ಅವರಿಗೆ 2019ರಲ್ಲಿ ಬಂದ ಅರ್ಜುನ ಪ್ರಶಸ್ತಿ ಮೋಟಾರು ಕ್ರೀಡೆಗೆ ಸಿಕ್ಕ ಮೊದಲನೆಯದು.

ಇಂದಿನ ಸ್ಥಿತಿ

ವಿಶ್ವ ಚಾಂಪಿಯನ್‌ಷಿಪ್ಪಿನ ಜೋಡಿಗಳಿಗೆ ಸಹಚಾಲನೆ ಪೂರ್ಣಾವಧಿ ವೃತ್ತಿ. ಭಾರತದಲ್ಲಿ ಬಹುಪಾಲು ಸಹಚಾಲಕರು ಬೇರೆ ಉದ್ಯೋಗದಲ್ಲಿದ್ದು ವಾರಾಂತ್ಯಗಳಿಗೆ ರ‍್ಯಾಲಿ ಹೊಂದಿಸಿಕೊಳ್ಳುವವರು. ಈ ಆಸನಕ್ಕೆ ಸಾಮಾನ್ಯ ದಾರಿ ಟಿಎಸ್‌ಡಿ. ಸ್ವಂತ ಕಾರು, ಒಂದು ಕ್ಯಾಲ್ಕ್ಯುಲೇಟರು, ಎರಡು ಗಡಿಯಾರಗಳಿಂದ ಶುರುಮಾಡಬಹುದು. ಸ್ಟೇಜ್ ರ‍್ಯಾಲಿಗೆ ದಾಟುವಾಗ ಭಾರತೀಯ ಮೋಟಾರು ಕ್ರೀಡಾ ಒಕ್ಕೂಟ ಎಫ್ಎಂಎಸ್‌ಸಿಐ ನೀಡುವ ಸ್ಪರ್ಧಾ ಪರವಾನಗಿ ಇಬ್ಬರಿಗೂ ಬೇಕು.

ಉಪಗ್ರಹದ ನೆರವಿನಿಂದ ಕಾರು ಎಲ್ಲಿದೆಯೆಂದು ಸಂಘಟಕರಿಗೆ ಕ್ಷಣಕ್ಷಣಕ್ಕೂ ಗೊತ್ತಾಗುತ್ತದೆ, ದೂರಮಾಪಕಗಳು ಮೀಟರಿನ ಲೆಕ್ಕಕ್ಕೆ ನಿಖರವಾಗಿವೆ, ರೆಕ್ಕಿಯ ಚಿತ್ರಣವನ್ನು ಎಷ್ಟು ಸಲವಾದರೂ ನೋಡಬಹುದು. ಪೇಸ್ ನೋಟ್ಸ್ ಮಾತ್ರ ಇನ್ನೂ ಹೆಚ್ಚಾಗಿ ಸುರುಳಿತಂತಿಯ ಪುಸ್ತಕದಲ್ಲಿ, ತಿದ್ದಲು ಬರುವಂತೆ ಪೆನ್ಸಿಲಿನಲ್ಲಿ, ಕುಲುಕಾಟದಲ್ಲೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಬರೆದದ್ದು. ಬ್ಯಾಟರಿ ಸತ್ತರೂ, ಪರದೆ ಒಡೆದರೂ ಆ ಹಾಳೆ ಮಗುಚುತ್ತದೆ.